ಓದುಗರ ಪ್ರಶ್ನೆಗೆ ಉತ್ತರ: ನಿಧಾನದ ಫ್ಲ್ಯಾಶ್, ವೇಗದ ದಾರಿ

ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಐದು, ಬೇರೆ ಬೇರೆ ಕಸುಬಿನವರು ಬರೆದವುಗಳಾದರೂ, ಒಂದೇ ಸಂಗತಿಯನ್ನು ಕೇಳುತ್ತವೆ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿರುವ, ವಿದ್ಯುತ್ ಹೋದರೂ ಮಾಹಿತಿಯನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿ ಸ್ವಭಾವತಃ ನಿಧಾನವಾದದ್ದು. ಅದನ್ನು ಕಂಪ್ಯೂಟರಿಗೆ ಜೋಡಿಸುವ ದಾರಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ವೇಗವಾಗುತ್ತಿವೆ. ಇವೆರಡು ಹೊಂದಿಕೊಳ್ಳುವುದು ಹೇಗೆ, ಹೊಂದಿಕೊಳ್ಳದೆ ಹೋದಾಗ ಬಳಕೆದಾರನಿಗೆ ಏನು ಕಾಣಿಸುತ್ತದೆ ಎಂಬುದೇ ಎಲ್ಲರ ಪ್ರಶ್ನೆಯ ತಿರುಳಾದ್ದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಸ್ಥಳದ ಅಭಾವದಿಂದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಹೊಸದಾಗಿ ಕೊಂಡ ಎನ್‌ವಿಎಂಇ (ಹೊಸ, ವೇಗದ ಜೋಡಣೆಯ) ಎಸ್‌ಎಸ್‌ಡಿಯ ಪೆಟ್ಟಿಗೆಯ ಮೇಲೆ ಓದುವ ವೇಗ ಸೆಕೆಂಡಿಗೆ 7,000 ಎಂಬಿ ಎಂದು ಮುದ್ರಿಸಿದ್ದಾರೆ. ಫ್ಲ್ಯಾಶ್ ಚಿಪ್ಪಿನಿಂದ ಏನನ್ನಾದರೂ ಓದಲು ಹತ್ತಾರು ಮೈಕ್ರೋಸೆಕೆಂಡ್ ಬೇಕು, ರ‍್ಯಾಮ್‌ಗೆ ಅದರ ಸಾವಿರದಲ್ಲಿ ಒಂದು ಪಾಲು ಸಾಕು ಎಂದೂ ಓದಿದ್ದೇನೆ. ಇಷ್ಟು ನಿಧಾನದ ವಸ್ತುವಿನಿಂದ ಅಷ್ಟು ವೇಗ ಬರುವುದು ಹೇಗೆ? ನಿಜವಾಗಿ ಬರುವುದಾದರೆ, ನನ್ನ ಕಂಪ್ಯೂಟರ್ ಹಳೆಯ, ನಿಧಾನದ ಜೋಡಣೆಯಾದ ಸಾಟಾ ಎಸ್‌ಎಸ್‌ಡಿ ಇದ್ದಾಗಿನದಕ್ಕಿಂತ ಹತ್ತು ಪಟ್ಟು ಬೇಗ ತೆರೆದುಕೊಳ್ಳಬೇಕಿತ್ತಲ್ಲವೇ?
ಬದಿಯಡ್ಕದ ಓದುಗರು

ಉತ್ತರ: ನೀವು ಓದಿದ ಎರಡೂ ಸಂಗತಿಗಳು ಸರಿಯಾಗಿವೆ. ಪೆಟ್ಟಿಗೆಯ ಮೇಲಿನ ಅಂಕಿಯೂ ಸುಳ್ಳಲ್ಲ. ಆದರೆ ಅದು ಹೇಳುವುದು ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹರಿದುಬರುತ್ತದೆ ಎಂಬುದನ್ನು. ಕೇಳಿದ ಮೊದಲ ತುಣುಕು ಎಷ್ಟು ಹೊತ್ತಿಗೆ ಕೈಸೇರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು ನಿಧಾನದ ಕಾರಣವನ್ನು ನೋಡೋಣ. ಫ್ಲ್ಯಾಶ್‌ನ ಒಂದೊಂದು ಕೋಶವೂ ನಿರೋಧಕ ಪದರದೊಳಗೆ ಸಿಕ್ಕಿಸಿಟ್ಟ ವಿದ್ಯುದಂಶದ ಪ್ರಮಾಣದಿಂದ ಮಾಹಿತಿಯನ್ನು ಹಿಡಿದಿಡುತ್ತದೆ. ತೋಶಿಬಾದಲ್ಲಿ ಫುಜಿಯೊ ಮಸುಓಕಾ ಅವರ ತಂಡ 1987ರಲ್ಲಿ ಮುಂದಿಟ್ಟ ನ್ಯಾಂಡ್ ವಿನ್ಯಾಸದಲ್ಲಿ ಈ ಕೋಶಗಳು ಒಂದರ ಹಿಂದೆ ಒಂದರಂತೆ ಸರಣಿಯಾಗಿ ಜೋಡಣೆಗೊಂಡಿರುತ್ತವೆ. ಪ್ರತಿ ಕೋಶಕ್ಕೂ ಪ್ರತ್ಯೇಕ ಸಂಪರ್ಕ ಬೇಡವಾದ್ದರಿಂದ ಜಾಗ ಉಳಿಯುತ್ತದೆ, ಚಿಪ್ಪು ಅಗ್ಗವಾಗುತ್ತದೆ. ಆದರೆ ಒಂದು ಕೋಶವನ್ನು ಓದಬೇಕಾದರೆ ಸರಣಿಯ ಉಳಿದೆಲ್ಲ ಕೋಶಗಳ ಮೂಲಕ ಹಾದುಬರುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಗುರುತಿಸಬೇಕಾಗುತ್ತದೆ. ಇಂದು ಹೆಚ್ಚಾಗಿ ಮಾರಾಟವಾಗುವ ಟಿಎಲ್‌ಸಿ ಬಗೆಯಲ್ಲಿ ಒಂದೇ ಕೋಶ 3 ಬಿಟ್‌ಗಳನ್ನು, ಅಂದರೆ 8 ಮಟ್ಟಗಳನ್ನು ಹಿಡಿದಿರುವುದರಿಂದ, ಯಾವ ಮಟ್ಟವೆಂದು ತೀರ್ಮಾನಿಸಲು ಒಂದಕ್ಕಿಂತ ಹೆಚ್ಚು ಸಲ ಹೋಲಿಸಿ ನೋಡಬೇಕು. ಹೀಗಾಗಿ ನಿಧಾನವೆಂಬುದು ಅಗ್ಗದ ಬೆಲೆಗೆ ತೆತ್ತ ಸುಂಕ. ತಯಾರಕರು ಅದನ್ನು ಒಂದಿಷ್ಟು ಇಳಿಸಬಲ್ಲರೇ ಹೊರತು ತೆಗೆದುಹಾಕಲಾರರು.

ಇನ್ನು ವೇಗದ ಮಾತು. ಬದಿಯಡ್ಕದವರಾದ ನಿಮಗೆ ಅಡಿಕೆ ಸುಲಿಯುವ ಅಂಗಳದ ಲೆಕ್ಕವೇ ಸಾಕು. ಕೈ ಎಷ್ಟೇ ಪಳಗಿದ್ದರೂ ಒಂದು ಅಡಿಕೆಗೆ ಹಿಡಿಯುವ ಹೊತ್ತು ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ. ಮೂವತ್ತು ಜನ ಸಾಲಾಗಿ ಕೂತರೆ ಸಂಜೆಗೆ ತುಂಬುವ ಗೋಣಿಗಳು ಹೆಚ್ಚುತ್ತವೆ. ಆದರೆ ಒಂದೇ ಒಂದು ಸುಲಿದ ಅಡಿಕೆ ಬೇಕೆಂದು ಬಂದವನು ಕಾಯಬೇಕಾದ ಹೊತ್ತು ಮೂವತ್ತು ಜನರಿದ್ದರೂ ಅಷ್ಟೇ. ಎಸ್‌ಎಸ್‌ಡಿಯ ಕಂಟ್ರೋಲರ್ (ಒಳಗಿನ ಫ್ಲ್ಯಾಶ್ ಚಿಪ್ಪುಗಳನ್ನು ನಡೆಸುವ ಚಿಪ್ಪು) ಮಾಡುವುದೂ ಇದನ್ನೇ. ಫ್ಲ್ಯಾಶ್ ಎಂದೂ ಒಂದು ಬೈಟನ್ನು ಬಿಡಿಯಾಗಿ ಓದುವುದಿಲ್ಲ, ಒಂದು ಇಡೀ ಪುಟವನ್ನು ಓದುತ್ತದೆ. ಪುಟದ ಗಾತ್ರ 16 ಕೆಬಿ, ಓದುವ ಸಮಯ 50 ಮೈಕ್ರೋಸೆಕೆಂಡ್ ಎಂದು ಹಿಡಿದರೆ, ಸೆಕೆಂಡಿಗೆ ಸುಮಾರು 328 ಎಂಬಿ ಆಯಿತು. ಒಂದು ಸಿಲಿಕಾನ್ ತುಂಡಿನಲ್ಲಿ ಹೀಗೆ ಒಟ್ಟಿಗೆ ಓದಬಲ್ಲ 4 ಭಾಗಗಳಿದ್ದರೆ ಸುಮಾರು 1,300 ಎಂಬಿ. ಅಂಥ ಹತ್ತಾರು ತುಂಡುಗಳು ನಿಮ್ಮ ಎಸ್‌ಎಸ್‌ಡಿಯಲ್ಲಿ 4 ಅಥವಾ 8 ಚಾನೆಲ್‌ಗಳ ಮೇಲೆ ಹಂಚಿಹೋಗಿವೆ. ಒಂದು ತುಂಡು ತನ್ನ ಪುಟವನ್ನು ಚಾನೆಲ್‌ನ ಮೂಲಕ ಕಳುಹಿಸುತ್ತಿರುವಾಗ ಉಳಿದವು ತಂತಮ್ಮ ಮುಂದಿನ ಪುಟಗಳನ್ನು ಓದುತ್ತಿರುತ್ತವೆ. ಅಷ್ಟೇ ಅಲ್ಲದೆ, ಪ್ರತಿ ತುಂಡಿನೊಳಗೂ ಎರಡೆರಡು ತಾತ್ಕಾಲಿಕ ಸಂಗ್ರಹಗಳಿರುವುದರಿಂದ, ಒಂದರಲ್ಲಿನ ಪುಟ ಹೊರಗೆ ಹೋಗುವಾಗಲೇ ಇನ್ನೊಂದಕ್ಕೆ ಹೊಸ ಪುಟ ಇಳಿಯುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಒಂದು ಕಾಲದಲ್ಲಿ ಪರಿಸ್ಥಿತಿ ತಿರುವುಮುರುವಾಗಿತ್ತು. ಕೋಶಕ್ಕಿಂತ ತಂತಿಯೇ ನಿಧಾನವಾಗಿತ್ತು. ಚಿಪ್ಪು ಮತ್ತು ಕಂಟ್ರೋಲರ್‌ಗಳ ನಡುವಣ ಸಂಪರ್ಕಕ್ಕೆ ಒಂದು ಸಾಮಾನ್ಯ ಮಾನಕವನ್ನು ರೂಪಿಸಲು 2006ರಲ್ಲಿ ಹುಟ್ಟಿಕೊಂಡ ಓಎನ್‌ಎಫ್‌ಐ ಕೂಟದ ಮೊದಲ ಆವೃತ್ತಿಯ ಮಿತಿ ಸೆಕೆಂಡಿಗೆ 50 ಎಂಬಿ. ಆ ದಾರಿಯಲ್ಲಿ ಇಂದಿನ 16 ಕೆಬಿ ಪುಟವೊಂದನ್ನು ಕಳುಹಿಸಲು 300 ಮೈಕ್ರೋಸೆಕೆಂಡ್ ದಾಟುತ್ತಿತ್ತು. ಅದೇ ಮಾನಕದ 5.0ನೆಯ ಆವೃತ್ತಿಯಲ್ಲಿ ಮಿತಿ 2,400 ಎಂಬಿಗೆ ಏರಿದೆ; ಅದೇ ಪುಟ 7 ಮೈಕ್ರೋಸೆಕೆಂಡಿನೊಳಗೆ ದಾಟಿಹೋಗುತ್ತದೆ. ಕೋಶದ 50 ಮೈಕ್ರೋಸೆಕೆಂಡ್ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ತಂತಿ ವೇಗವಾದಷ್ಟೂ ಅದನ್ನು ತುಂಬಿಸಿಡಲು ಹೆಚ್ಚು ತುಂಡುಗಳು ಏಕಕಾಲಕ್ಕೆ ದುಡಿಯಬೇಕು. ಒಂದೇ ಮಾದರಿಯ ಎಸ್‌ಎಸ್‌ಡಿಗಳಲ್ಲಿ ಕಡಿಮೆ ಸಾಮರ್ಥ್ಯದ್ದು ನಿಧಾನವಾಗಿಯೂ ಹೆಚ್ಚು ಸಾಮರ್ಥ್ಯದ್ದು ವೇಗವಾಗಿಯೂ ಇರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕಂಪ್ಯೂಟರ್ ತೆರೆದುಕೊಳ್ಳುವಾಗ ದೊಡ್ಡ ಕಡತವೊಂದನ್ನು ಸಾಲಾಗಿ ಓದುವುದು ಕಡಿಮೆ. ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಎಂದು ಕೇಳುವುದೇ ಹೆಚ್ಚು, ಹಾಗೂ ಅನೇಕ ಸಲ ಒಂದು ತುಣುಕು ಕೈಗೆ ಬಂದ ಮೇಲೆಯೇ ಮುಂದೆ ಯಾವುದನ್ನು ಕೇಳಬೇಕೆಂದು ತಿಳಿಯುತ್ತದೆ. 4 ಕೆಬಿಯ ಒಂದು ತುಣುಕಿಗೆ ಹೋಗಿಬರುವ ಸಮಯವೆಲ್ಲ ಸೇರಿ 60 ಮೈಕ್ರೋಸೆಕೆಂಡ್ ಹಿಡಿದರೆ, ಒಂದಾದ ಮೇಲೊಂದರಂತೆ ಕೇಳಿದಾಗ ಸಿಗುವುದು ಸೆಕೆಂಡಿಗೆ 70 ಎಂಬಿಗೂ ಕಡಿಮೆ. ಆಗ 7,000 ಎಂಬಿಯ ದಾರಿ ಬಹುಪಾಲು ಖಾಲಿಯೇ ಬಿದ್ದಿರುತ್ತದೆ. ಹಳೆಯ ಸಾಟಾ ಎಸ್‌ಎಸ್‌ಡಿ ಇಂಥ ಕೆಲಸದಲ್ಲಿ ಇದಕ್ಕಿಂತ ತುಸು ಹಿಂದಿದೆ, ಹತ್ತು ಪಟ್ಟು ಹಿಂದಿಲ್ಲ. ಆದ್ದರಿಂದ ದಿನನಿತ್ಯದ ಬರವಣಿಗೆ, ಲೆಕ್ಕಪತ್ರಗಳ ಕೆಲಸಕ್ಕೆ ಸೆಕೆಂಡಿಗೆ 3,500 ಎಂಬಿಯ ಡ್ರೈವನ್ನು ಬಿಟ್ಟು 7,000 ಎಂಬಿಯದಕ್ಕೆ ಹೆಚ್ಚು ಹಣ ಕೊಡಬೇಕೆಂದು ನಾವು ಸಲಹೆ ಮಾಡುವುದಿಲ್ಲ. ಅದೇ ಹಣಕ್ಕೆ ಸಾಮರ್ಥ್ಯ ದೊಡ್ಡದಿರುವುದನ್ನು ಕೊಳ್ಳುವುದು ಮೇಲು.

ಪ್ರಶ್ನೆ: ಬಯಲಾಟಗಳ ವಿಡಿಯೋ ಚಿತ್ರೀಕರಣ ನನ್ನ ವೃತ್ತಿ. ಎರಡು ತೊಂದರೆಗಳಿವೆ. ಇಡೀ ರಾತ್ರಿಯ ಆಟವನ್ನು ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ನಕಲಿಸುವಾಗ ಆರಂಭದಲ್ಲಿ 900 ಎಂಬಿ ಇರುವ ವೇಗ ಅರ್ಧದಲ್ಲಿ 100ಕ್ಕೆ ಕುಸಿಯುತ್ತದೆ. ಕ್ಯಾಮೆರಾದಲ್ಲಿ, ಕಾರ್ಡಿನ ಮೇಲೆ 100 ಎಂಬಿ ಎಂದಿದ್ದರೂ, ಸರಿಯಾಗಿ ಬಣ್ಣದ ವೇಷ ದೊಂದಿಯ ಬೆಳಕಿನಲ್ಲಿ ಪ್ರವೇಶಿಸುವ ಹೊತ್ತಿಗೇ ಒಮ್ಮೊಮ್ಮೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಕಾರ್ಡು ನಕಲಿಯೇ?
ಕುಂಬಳೆಯ ಓದುಗರು

ಉತ್ತರ: ಕಾರ್ಡು ನಕಲಿಯೇ ಆಗಿರಬೇಕೆಂದಿಲ್ಲ. ಫ್ಲ್ಯಾಶ್ ಓದುವುದರಲ್ಲಿ ನಿಧಾನವಾದರೆ ಬರೆಯುವುದರಲ್ಲಿ ಇನ್ನೂ ನಿಧಾನ. ಕೋಶದೊಳಗೆ ವಿದ್ಯುದಂಶವನ್ನು ಒಮ್ಮೆಗೇ ತುಂಬುವಂತಿಲ್ಲ. ಸ್ವಲ್ಪ ಸ್ವಲ್ಪವೇ ತುಂಬಿ, ಪ್ರತಿ ಸಲವೂ ಮಟ್ಟ ಸರಿಯಾಯಿತೇ ಎಂದು ಪರೀಕ್ಷಿಸುತ್ತ ಹೋಗಬೇಕು. ಕೋಶಕ್ಕೆ ಒಂದೇ ಬಿಟ್ ಬರೆಯುವುದಾದರೆ ಇದು ಒಂದೆರಡು ನೂರು ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. 3 ಬಿಟ್‌ಗಳಿಗೆ ಮಟ್ಟಗಳು ಒತ್ತೊತ್ತಾಗಿರುವುದರಿಂದ ಅದರ ಹಲವು ಪಟ್ಟು ಬೇಕು, 4 ಬಿಟ್‌ಗಳ ಕ್ಯೂಎಲ್‌ಸಿಗೆ ಇನ್ನೂ ಹೆಚ್ಚು. ಇದಲ್ಲದೆ, ಒಮ್ಮೆ ಬರೆದ ಪುಟದ ಮೇಲೆ ಮತ್ತೆ ಬರೆಯುವಂತಿಲ್ಲ. ನೂರಾರು ಪುಟಗಳ ಒಂದು ಇಡೀ ಬ್ಲಾಕನ್ನು ಮೊದಲು ಅಳಿಸಬೇಕು, ಅದಕ್ಕೆ ಹಲವು ಮಿಲಿಸೆಕೆಂಡ್‌ಗಳು ಬೇಕು.

ವೇಗದ ದಾರಿಗೆ ಇದು ಕಾಣದಂತೆ ಮಾಡಲು ಡ್ರೈವ್ ಒಂದು ಉಪಾಯ ಮಾಡುತ್ತದೆ. ಖಾಲಿಯಿರುವ ಕೋಶಗಳಿಗೆ ಮೊದಲು ಒಂದೊಂದೇ ಬಿಟ್ ಬರೆದು ಮಾಹಿತಿಯನ್ನು ಬೇಗನೆ ಒಳಗೆ ತೆಗೆದುಕೊಂಡುಬಿಡುತ್ತದೆ. ಆಮೇಲೆ ಬಿಡುವಾದಾಗ ಅದನ್ನು ಮೂರರಂತೆ ಒತ್ತಾಗಿ ಬರೆದಿಡುತ್ತದೆ. ಹೀಗಾಗಿ 300 ಜಿಬಿ ಖಾಲಿಯಿರುವ ಟಿಎಲ್‌ಸಿ ಡ್ರೈವಿನಲ್ಲಿ ಈ ವೇಗದ ಅಂಗಳ ಹೆಚ್ಚೆಂದರೆ 100 ಜಿಬಿಯದು, ಅನೇಕ ಮಾದರಿಗಳಲ್ಲಿ ಅದಕ್ಕಿಂತ ಬಹಳ ಚಿಕ್ಕದು. ಅದು ತುಂಬಿದ ಮೇಲೆ ಹೊಸದನ್ನು ಬರೆಯುವ ಕೆಲಸ, ಹಳೆಯದನ್ನು ಒತ್ತಾಗಿ ಜೋಡಿಸುವ ಕೆಲಸ ಎರಡೂ ಒಟ್ಟಿಗೆ ಬಂದು ನೀವು ಕಂಡ ಕುಸಿತ ಉಂಟಾಗುತ್ತದೆ. ಕೆಲವು ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಈ ಸ್ಥಿತಿಯಲ್ಲಿ ಹಳೆಯ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗೆ ಇಳಿಯುವುದುಂಟು. ನಿಮ್ಮ ಕೆಲಸಕ್ಕೆ ಟಿಎಲ್‌ಸಿ ಡ್ರೈವನ್ನೇ ಕೇಳಿ ಕೊಳ್ಳಿರಿ, ಅದನ್ನು ಅಂಚಿನವರೆಗೆ ತುಂಬಬೇಡಿರಿ. ನಕಲಿಸುವುದು ಮುಗಿದ ಕೂಡಲೇ ತಂತಿ ಕೀಳದೆ ಸ್ವಲ್ಪ ಹೊತ್ತು ವಿದ್ಯುತ್ ಸಂಪರ್ಕದಲ್ಲೇ ಬಿಟ್ಟರೆ ಒಳಗಿನ ಜೋಡಣೆಯನ್ನು ಅದು ಮುಗಿಸಿಕೊಳ್ಳುತ್ತದೆ.

ಕಾರ್ಡಿನ ವಿಷಯಕ್ಕೆ ಬಂದರೆ, ದೊಡ್ಡದಾಗಿ ಮುದ್ರಿಸಿರುವ 100 ಎಂಬುದು ಸಾಮಾನ್ಯವಾಗಿ ಓದುವ ವೇಗ. ನಿಮಗೆ ಬೇಕಾದ ಗುರುತು ವಿ ಅಕ್ಷರದ ಮುಂದಿನ ಸಂಖ್ಯೆ: ವಿ30 ಎಂದರೆ ಬರೆಯುವ ವೇಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲವೆಂಬ ಭರವಸೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣಕ್ಕೆ ಬೇಕಾಗುವುದು 12.5 ಎಂಬಿ ಮಾತ್ರ, ಅಂದರೆ ಗಂಟೆಗೆ 45 ಜಿಬಿ, ಎಂಟು ಗಂಟೆಯ ಆಟಕ್ಕೆ 360 ಜಿಬಿ. ಇದಕ್ಕೆ ವಿ30 ಧಾರಾಳವಾಯಿತು. 400 ಮೆಗಾಬಿಟ್‌ಗೆ ಇಟ್ಟಿದ್ದರೆ 50 ಎಂಬಿ ಆಗುವುದರಿಂದ ವಿ60 ಬೇಕು. ಬಣ್ಣದ ವೇಷದ ಹೊತ್ತಿಗೇ ನಿಲ್ಲುವುದಕ್ಕೂ ವಿವರಣೆಯಿದೆ. ನಿಮ್ಮ ಕ್ಯಾಮೆರಾ ದೃಶ್ಯಕ್ಕೆ ತಕ್ಕಂತೆ ಬಿಟ್‌ಗಳನ್ನು ಹೆಚ್ಚು ಕಡಿಮೆ ಮಾಡುವ ರೀತಿಯಲ್ಲಿದ್ದರೆ, ದೊಂದಿಯ ಉರಿ, ಹೊಗೆ, ರಭಸದ ಕುಣಿತ ಎಲ್ಲ ಸೇರಿದ ಗಳಿಗೆಯಲ್ಲಿ ಹೊರಬರುವ ಮಾಹಿತಿ ಏರುತ್ತದೆ. ಅದೇ ಗಳಿಗೆಯಲ್ಲಿ ಕಾರ್ಡು ಬ್ಲಾಕ್ ಅಳಿಸುತ್ತ ತುಸು ತಡೆದರೆ, ಕ್ಯಾಮೆರಾದೊಳಗಿನ ಚಿಕ್ಕ ರ‍್ಯಾಮ್ ತುಂಬಿ ಹರಿದು ರೆಕಾರ್ಡಿಂಗ್ ನಿಲ್ಲುತ್ತದೆ. ಪ್ರತಿ ಆಟಕ್ಕೂ ಮೊದಲು ಕಡತಗಳನ್ನು ಬಿಡಿಬಿಡಿಯಾಗಿ ಅಳಿಸುವ ಬದಲು, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿರಿ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿನಕ್ಸ್. ಪೆನ್‌ಡ್ರೈವ್‌ಗೆ ಪಾಠದ ವಿಡಿಯೋ ನಕಲಿಸಿದರೆ ಕ್ಷಣದಲ್ಲಿ ಪೂರ್ತಿಯಾಯಿತೆಂದು ತೋರಿಸುತ್ತದೆ. ಕಿತ್ತು ಇನ್ನೊಂದು ತರಗತಿಯಲ್ಲಿ ಹಾಕಿದರೆ ಕಡತ ತೆರೆಯುವುದಿಲ್ಲ. ಪೆನ್‌ಡ್ರೈವ್ ಕೆಟ್ಟಿದೆಯೇ?
ಪೆರ್ಲದ ಅಧ್ಯಾಪಿಕೆ

ಉತ್ತರ: ಕೆಟ್ಟಿಲ್ಲ, ಅವಸರವಾಯಿತು ಅಷ್ಟೆ. ಪೆನ್‌ಡ್ರೈವ್‌ನ ನಿಧಾನವನ್ನು ಮರೆಮಾಡಲು ಕಾರ್ಯಾಚರಣಾ ವ್ಯವಸ್ಥೆಯು ಕಡತವನ್ನು ಮೊದಲು ರ‍್ಯಾಮ್‌ಗೆ ತೆಗೆದುಕೊಂಡು ಕೆಲಸ ಆಯಿತೆಂದು ಹೇಳಿಬಿಡುತ್ತದೆ, ಆಮೇಲೆ ಹಿನ್ನೆಲೆಯಲ್ಲಿ ನಿಜವಾಗಿ ಬರೆಯುತ್ತದೆ. ಯುಎಸ್‌ಬಿ 3.0 ದಾರಿಯ ಮಿತಿ ಸೆಕೆಂಡಿಗೆ 5 ಗಿಗಾಬಿಟ್ ಆದರೂ, ಒಂದೋ ಎರಡೋ ಫ್ಲ್ಯಾಶ್ ತುಂಡುಗಳಿರುವ ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ ಹತ್ತಿಪ್ಪತ್ತು ಎಂಬಿ ಬರೆದರೆ ಹೆಚ್ಚು. ಸುರಕ್ಷಿತವಾಗಿ ತೆಗೆಯುವ ಗುಂಡಿಯನ್ನು ಒತ್ತಿ, ತೆಗೆಯಬಹುದೆಂಬ ಸೂಚನೆ ಬರುವ ತನಕ ಕಾಯಿರಿ. ಮಳೆಗಾಲದಲ್ಲಿ ಕರೆಂಟು ಹೇಳದೆ ಹೋಗುವ ನಮ್ಮೂರುಗಳಲ್ಲಿ, ಬ್ಯಾಟರಿ ದುರ್ಬಲವಾದ ಲ್ಯಾಪ್‌ಟಾಪ್‌ಗೂ ಇದೇ ಎಚ್ಚರ ಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ತೋಟದ ಪಂಪ್ ಮತ್ತು ನೀರಿನ ಹರಿವನ್ನು ನಿಯಂತ್ರಿಸುವ ಪ್ರಾಜೆಕ್ಟಿಗೆ ಎಸ್‌ಟಿಎಂ32ಎಫ್407 ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್) ಬಳಸಿದ್ದೇನೆ. ಅರ್ಡುಯಿನೋ ಊನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಎಂದೂ ಕಾಣದ ಮೂರು ತೊಂದರೆಗಳು ಇದರಲ್ಲಿವೆ. ರಿಜಿಸ್ಟರ್‌ಗಳಿಗೆ ನಾನೇ ಬರೆದು ಕ್ಲಾಕನ್ನು 168 ಮೆಗಾಹರ್ಟ್ಸ್‌ಗೆ ಏರಿಸಿದೊಡನೆ ಪ್ರೋಗ್ರಾಂ ನಿಂತುಬಿಡುತ್ತದೆ. ಫ್ಲ್ಯಾಶ್‌ಗೆ 5 ವೆಯ್ಟ್ ಸ್ಟೇಟ್ (ಉತ್ತರಕ್ಕಾಗಿ ಪ್ರೊಸೆಸರ್ ಕಾಯುವ ಹೆಚ್ಚುವರಿ ಕ್ಲಾಕ್) ಕೊಟ್ಟರೆ ನಡೆಯುತ್ತದೆ. ಹಾಗಿದ್ದರೆ ಒಂದೊಂದು ಸೂಚನೆಗೂ ಆರು ಕ್ಲಾಕ್ ಬೇಕಾಗಿ, 28 ಮೆಗಾಹರ್ಟ್ಸ್ ಮಾತ್ರ ಸಿಕ್ಕಂತಾಯಿತಲ್ಲ? ಎರಡನೆಯದು, ಒಂದೇ ಇಂಟರಪ್ಟ್‌ಗೆ (ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಕರೆಗೆ) ಒಂದೊಂದು ಸಲ ಒಂದೊಂದು ಸಮಯ ಹಿಡಿಯುತ್ತದೆ. ಮೂರನೆಯದು, ದಿನದ ಲೆಕ್ಕವನ್ನು ಒಳಗಿನ ಫ್ಲ್ಯಾಶ್‌ನಲ್ಲಿ ಉಳಿಸುವಾಗ ಹರಿವಿನ ಸೆನ್ಸರ್‌ನ ಎಣಿಕೆ ತಪ್ಪುತ್ತದೆ.
ಮುಳ್ಳೇರಿಯದ ಓದುಗರು

ಉತ್ತರ: ಮೂರೂ ತೊಂದರೆಗಳ ಬೇರು ಒಂದೇ ಎಂಬುದನ್ನು ನಿಮ್ಮ ಪತ್ರದ ಕ್ರಮವೇ ತೋರಿಸುತ್ತದೆ. ಮೈಕ್ರೋಕಂಟ್ರೋಲರ್‌ನೊಳಗಿನ ಫ್ಲ್ಯಾಶ್ ಎಸ್‌ಎಸ್‌ಡಿಯ ನ್ಯಾಂಡ್‌ಗಿಂತ ಬೇರೆ ಬಗೆಯದು. ಕೇಳಿದ ಜಾಗವನ್ನು ನೇರವಾಗಿ ಓದಿಕೊಡಬಲ್ಲದು, ಹತ್ತಾರು ನ್ಯಾನೋಸೆಕೆಂಡ್‌ಗಳಲ್ಲಿ ಉತ್ತರ ಕೊಡುತ್ತದೆ. ಊನೋದಲ್ಲಿರುವ ಎಟಿಮೆಗಾ328ಪಿ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅಂದರೆ ಒಂದು ಕ್ಲಾಕಿಗೆ 62.5 ನ್ಯಾನೋಸೆಕೆಂಡ್ ಬಿಡುವಿದೆ. ಅಷ್ಟರಲ್ಲಿ ಫ್ಲ್ಯಾಶ್ ತನ್ನ ಕೆಲಸವನ್ನು ಮುಗಿಸಿರುತ್ತದೆ. ಆದ್ದರಿಂದ ಅಲ್ಲಿ ಕಾಯುವ ಮಾತೇ ಬರುವುದಿಲ್ಲ. 168 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕ್ 6 ನ್ಯಾನೋಸೆಕೆಂಡಿಗೂ ಕಡಿಮೆ. ನಿಮ್ಮ ಚಿಪ್ಪಿನ ಕೈಪಿಡಿಯ ಪ್ರಕಾರ, ವಿದ್ಯುತ್ 2.7ರಿಂದ 3.6 ವೋಲ್ಟ್ ಇರುವಾಗ ಪ್ರತಿ 30 ಮೆಗಾಹರ್ಟ್ಸ್‌ಗೆ ಒಂದರಂತೆ ವೆಯ್ಟ್ ಸ್ಟೇಟ್ ಸೇರಿಸುತ್ತ ಹೋಗಬೇಕು. 150 ದಾಟಿ 168ರವರೆಗೆ 5 ಬೇಕು. ಅವನ್ನು ಕೊಡದೆ ಕ್ಲಾಕ್ ಏರಿಸಿದರೆ ಪ್ರೊಸೆಸರ್ ಇನ್ನೂ ಸ್ಥಿರವಾಗದ ಬಿಟ್‌ಗಳನ್ನೇ ಸೂಚನೆಯೆಂದು ಎತ್ತಿಕೊಂಡು ದಾರಿ ತಪ್ಪುತ್ತದೆ. ಏರಿಸುವಾಗ ಮೊದಲು ವೆಯ್ಟ್ ಸ್ಟೇಟ್, ಆಮೇಲೆ ಕ್ಲಾಕ್. ಇಳಿಸುವಾಗ ಮೊದಲು ಕ್ಲಾಕ್, ಆಮೇಲೆ ವೆಯ್ಟ್ ಸ್ಟೇಟ್. ತಯಾರಕರ ಸಿದ್ಧ ಲೈಬ್ರರಿ ಈ ಕ್ರಮವನ್ನು ತಾನೇ ಪಾಲಿಸುತ್ತದೆ. ಬ್ಯಾಟರಿಯಲ್ಲಿ ನಡೆಸುವ ಆಲೋಚನೆಯಿದ್ದರೆ ಇನ್ನೊಂದನ್ನು ಗಮನಿಸಿರಿ: ವೋಲ್ಟೇಜ್ ಇಳಿದಂತೆ ಫ್ಲ್ಯಾಶ್ ಮತ್ತಷ್ಟು ನಿಧಾನವಾಗುತ್ತದೆ, 2.1 ವೋಲ್ಟ್‌ಗಿಂತ ಕೆಳಗೆ ಪ್ರತಿ 20 ಮೆಗಾಹರ್ಟ್ಸ್‌ಗೇ ಒಂದು ವೆಯ್ಟ್ ಸ್ಟೇಟ್ ಬೇಕಾಗುತ್ತದೆ.

ಇನ್ನು ನಿಮ್ಮ 28 ಮೆಗಾಹರ್ಟ್ಸ್ ಲೆಕ್ಕ. ಫ್ಲ್ಯಾಶ್ ಪ್ರತಿ ಸಲ ಒಂದೇ ಸೂಚನೆಯನ್ನು ಕೊಡುತ್ತಿದ್ದರೆ ಆ ಲೆಕ್ಕ ಸರಿಯಾಗಿರುತ್ತಿತ್ತು. ಈ ಚಿಪ್ಪಿನಲ್ಲಿ ಫ್ಲ್ಯಾಶ್‌ನ ಒಂದು ಸಾಲು 128 ಬಿಟ್ ಅಗಲವಾಗಿದೆ. ಸೂಚನೆಗಳು 16 ಅಥವಾ 32 ಬಿಟ್‌ನವಾದ್ದರಿಂದ ಒಂದು ಸಾಲಿನಲ್ಲಿ 4ರಿಂದ 8 ಸೂಚನೆಗಳು ಒಟ್ಟಿಗೆ ಬರುತ್ತವೆ. ಪ್ರೊಸೆಸರ್ ಅವನ್ನು ಮುಗಿಸುತ್ತಿರುವಾಗಲೇ ಮುಂದಿನ ಸಾಲನ್ನು ಮೊದಲೇ ತರಿಸಿಡುವ ವ್ಯವಸ್ಥೆಯೂ ಇದೆ. ಆರು ಕ್ಲಾಕಿಗೆ ಒಂದು ಸಾಲು ಬಂದರೆ, ಚಿಕ್ಕ ಸೂಚನೆಗಳೇ ಹೆಚ್ಚಿರುವ ನೇರ ಪ್ರೋಗ್ರಾಂನಲ್ಲಿ ಕಾಯುವಿಕೆ ಬಹುತೇಕ ಮರೆಯಾಗುತ್ತದೆ. ತೊಡಕು ಬರುವುದು ಪ್ರೋಗ್ರಾಂ ಬೇರೆಡೆಗೆ ಜಿಗಿದಾಗ. ಮೊದಲೇ ತರಿಸಿಟ್ಟ ಸಾಲು ಆಗ ವ್ಯರ್ಥ. ಅದಕ್ಕಾಗಿ ಸೂಚನೆಗಳಿಗೆ 64 ಸಾಲುಗಳ, ದತ್ತಾಂಶಕ್ಕೆ 8 ಸಾಲುಗಳ ಚಿಕ್ಕ ಕ್ಯಾಶ್ (ಈಚೆಗೆ ಬಳಸಿದ್ದನ್ನು ಹತ್ತಿರವೇ ಇಟ್ಟುಕೊಳ್ಳುವ ವೇಗದ ಸಂಗ್ರಹ) ಕೊಟ್ಟಿದ್ದಾರೆ. 64 ಸಾಲು ಎಂದರೆ 1 ಕೆಬಿ. ಈ ಏರ್ಪಾಟಿನಿಂದ ವೆಯ್ಟ್ ಸ್ಟೇಟ್ ಇಲ್ಲದಷ್ಟೇ ವೇಗ ಸಿಗುತ್ತದೆ ಎಂಬ ತಯಾರಕರ ಮಾತನ್ನು, ಆ 1 ಕೆಬಿಯೊಳಗೆ ಸುತ್ತುವ ಲೂಪುಗಳ ಮಟ್ಟಿಗೆ ನಂಬಬಹುದು. ಅಲ್ಲಿಂದಿಲ್ಲಿಗೆ ಜಿಗಿಯುವ ದೊಡ್ಡ ಪ್ರೋಗ್ರಾಂಗೆ ಅಷ್ಟು ಸಿಗುವುದಿಲ್ಲ. ಒಂದು ಎಚ್ಚರ: ಮೊದಲೇ ತರಿಸುವ ವ್ಯವಸ್ಥೆ ಮತ್ತು ಎರಡೂ ಕ್ಯಾಶ್‌ಗಳು ರೀಸೆಟ್ ಆದಾಗ ಆರಿರುತ್ತವೆ. ನೀವು ರಿಜಿಸ್ಟರ್‌ಗಳನ್ನು ಕೈಯಾರೆ ಬರೆಯುತ್ತಿರುವುದರಿಂದ, ಅದೇ ಫ್ಲ್ಯಾಶ್ ನಿಯಂತ್ರಣ ರಿಜಿಸ್ಟರ್‌ನಲ್ಲಿ ಅವುಗಳ ಮೂರು ಬಿಟ್‌ಗಳನ್ನೂ ಹೊತ್ತಿಸಿದ್ದೀರಾ ಎಂದು ನೋಡಿರಿ. ಹೊತ್ತಿಸದಿದ್ದರೆ ಪ್ರತಿ ಹೊಸ ಸಾಲಿಗೂ ಪ್ರೊಸೆಸರ್ ಕಾಯಬೇಕಾಗಿ ವೇಗ ಇಳಿಯುತ್ತದೆ.

ಎರಡನೆಯ ತೊಂದರೆಗೆ ಕಾರಣ ಈಗ ನಿಮಗೇ ಹೊಳೆದಿರಬಹುದು. ಇಂಟರಪ್ಟ್ ಬಂದಾಗ ಅದರ ಕೋಡ್ ಕ್ಯಾಶ್‌ನಲ್ಲಿ ಇದ್ದರೆ ಬೇಗ, ನಡುವೆ ಬೇರೆ ಕೋಡ್ ಓಡಿ ಅದನ್ನು ಹೊರದೂಡಿದ್ದರೆ ತಡ. ಸಮಯ ಕರಾರುವಾಕ್ಕಾಗಿರಲೇಬೇಕಾದ ಕೆಲಸವಿದ್ದರೆ ಆ ಫಂಕ್ಷನ್ನನ್ನೂ ವೆಕ್ಟರ್ ಪಟ್ಟಿಯನ್ನೂ (ಯಾವ ಇಂಟರಪ್ಟ್‌ಗೆ ಯಾವ ಕೋಡ್ ಎಂದು ತೋರಿಸುವ ಪಟ್ಟಿ) ಆರಂಭದಲ್ಲೇ ರ‍್ಯಾಮ್‌ಗೆ ನಕಲಿಸಿ ಅಲ್ಲಿಂದ ಓಡಿಸಿರಿ. ಹಾಗೆ ಮಾಡುವಾಗ ಸಿಸಿಎಂ ಎಂಬ 64 ಕೆಬಿಯ ಭಾಗವನ್ನು ಆರಿಸಬೇಡಿರಿ, ಈ ಮಾದರಿಯಲ್ಲಿ ಅಲ್ಲಿಂದ ಸೂಚನೆಗಳನ್ನು ಓಡಿಸಲಾಗುವುದಿಲ್ಲ. ರ‍್ಯಾಮ್‌ನಿಂದ ಓಡಿಸಿದರೆ ಸರಾಸರಿ ವೇಗ ಹೆಚ್ಚುತ್ತದೆ ಎಂದೂ ಭಾವಿಸಬೇಡಿರಿ: ಸೂಚನೆ ಮತ್ತು ದತ್ತಾಂಶ ಎರಡೂ ಒಂದೇ ದಾರಿಗೆ ಬೀಳುವುದರಿಂದ ಅದು ತುಸು ಕಡಿಮೆಯೂ ಆದೀತು. ಸಿಗುವ ಲಾಭ ನಿಶ್ಚಿತತೆ ಮಾತ್ರ. ನಿಮ್ಮ ಪಂಪಿನ ನಿಯಂತ್ರಣಕ್ಕೆ ಅದರ ಅಗತ್ಯವಿಲ್ಲವೆಂದೇ ನಮ್ಮ ಅನಿಸಿಕೆ. ಕೆಲವು ಡಜನ್ ನ್ಯಾನೋಸೆಕೆಂಡ್‌ಗಳ ಏರಿಳಿತವನ್ನು ತೋಟದ ವಾಲ್ವ್ ಗಮನಿಸುವುದಿಲ್ಲ.

ಮೂರನೆಯದು ಮಾತ್ರ ನಿಜವಾದ ದೋಷ. ಬರೆಯುವ ಮೊದಲು ನೀವು ಅಳಿಸುತ್ತಿರುವ ಸೆಕ್ಟರ್ 128 ಕೆಬಿಯದಾಗಿದ್ದರೆ, ಅಳಿಸಲು ಒಂದು ಸೆಕೆಂಡ್ ಆಸುಪಾಸು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಫ್ಲ್ಯಾಶ್‌ನಿಂದ ಏನನ್ನೂ ಓದಲಾಗದು. ಪ್ರೋಗ್ರಾಂ ಕೂಡ ಅಲ್ಲೇ ಇರುವುದರಿಂದ ಪ್ರೊಸೆಸರ್ ನಿಂತು ಕಾಯುತ್ತದೆ, ಆ ನಡುವೆ ಬಂದ ಸೆನ್ಸರ್ ಪಲ್ಸ್‌ಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಇಲ್ಲಿ ಯಾವ ಕ್ಯಾಶ್ ಕೂಡ ನೆರವಾಗುವುದಿಲ್ಲ. ಸುಲಭ ಪರಿಹಾರವೆಂದರೆ ಪಲ್ಸ್ ಎಣಿಸುವ ಕೆಲಸವನ್ನು ಪ್ರೋಗ್ರಾಂನಿಂದ ತೆಗೆದು ಟೈಮರ್‌ಗೆ ಒಪ್ಪಿಸುವುದು: ಸೆನ್ಸರ್ ತಂತಿಯನ್ನು ಟೈಮರ್‌ನ ಹೊರಗಿನ ಕ್ಲಾಕ್ ಒಳಹರಿವಿಗೆ ಕೊಟ್ಟರೆ, ಪ್ರೊಸೆಸರ್ ನಿಂತಿದ್ದರೂ ಎಣಿಕೆ ನಡೆಯುತ್ತಿರುತ್ತದೆ. ಇಲ್ಲವೇ ದಿನದ ಲೆಕ್ಕವನ್ನು ಹೊರಗೆ ಜೋಡಿಸಿದ ಚಿಕ್ಕ ಈಪ್ರಾಮ್‌ಗೋ, ಅಳಿಸುವ ಗೋಜೇ ಇಲ್ಲದ ಎಫ್‌ರ‍್ಯಾಮ್‌ಗೋ ಬರೆಯಿರಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಫ್ಲ್ಯಾಶ್ ಇಷ್ಟು ಅಗ್ಗವಿರುವಾಗ, ಅದನ್ನೇ ರ‍್ಯಾಮ್ ಸ್ಲಾಟಿಗೆ ಹೊಂದುವ ಪಟ್ಟಿಯಾಗಿ ಮಾಡಿ 512 ಜಿಬಿ ರ‍್ಯಾಮ್ ಎಂದು ಏಕೆ ಮಾರುವುದಿಲ್ಲ?
ಹೊಸಂಗಡಿಯ ಓದುಗರು

ಉತ್ತರ: ಪ್ರಯತ್ನಗಳು ನಡೆದಿವೆ. ಮುಖ್ಯ ಅಡ್ಡಿ ರ‍್ಯಾಮ್ ಸ್ಲಾಟಿನ ನಿಯಮದಲ್ಲೇ ಇದೆ. ರ‍್ಯಾಮನ್ನು ಪ್ರೊಸೆಸರ್‌ಗೆ ಜೋಡಿಸುವ ಡಿಡಿಆರ್ ದಾರಿಯಲ್ಲಿ ಪ್ರೊಸೆಸರ್ ಕೇಳಿದ ಮೇಲೆ ಇಂತಿಷ್ಟೇ ಕ್ಲಾಕಿಗೆ ಉತ್ತರ ಬರಲೇಬೇಕು. ತುಸು ತಾಳು ಎಂದು ಹೇಳಲು ಅಲ್ಲಿ ಸಂಕೇತವೇ ಇಲ್ಲ. 3,200ರ ಡಿಡಿಆರ್4 ಪಟ್ಟಿಯೊಂದರಲ್ಲಿ ಈ ಅವಧಿ 22 ಕ್ಲಾಕ್, ಅಂದರೆ 13.75 ನ್ಯಾನೋಸೆಕೆಂಡ್ ಇರಬಹುದು. ಫ್ಲ್ಯಾಶ್‌ನ 50 ಮೈಕ್ರೋಸೆಕೆಂಡ್ ಅದೇ ಕ್ಲಾಕಿನಲ್ಲಿ 80,000 ಆಗುತ್ತದೆ. ಅಗಲ ಹೆಚ್ಚಿಸುವುದು, ಮೊದಲೇ ತರಿಸಿಡುವುದು ಮುಂತಾದ ಉಪಾಯಗಳು ಮುಂದೆ ಏನು ಬೇಕೆಂದು ಊಹಿಸಲು ಸಾಧ್ಯವಿದ್ದಾಗ ಮಾತ್ರ ನಡೆಯುತ್ತವೆ. ಊಹೆ ತಪ್ಪಿದ ಒಂದೇ ಸಲಕ್ಕೆ ಈ ನಿಯಮ ಮುರಿದುಬೀಳುತ್ತದೆ. ಸವೆತದ ಪ್ರಶ್ನೆಯೂ ಇದೆ. ಟಿಎಲ್‌ಸಿಯ ಬ್ಲಾಕೊಂದನ್ನು ಕೆಲವು ಸಾವಿರ ಸಲ ಅಳಿಸಿ ಬರೆಯಬಹುದು, ರ‍್ಯಾಮ್‌ನ ಒಂದು ಜಾಗಕ್ಕೆ ಒಂದೇ ಸೆಕೆಂಡಿನಲ್ಲಿ ಅದಕ್ಕಿಂತ ಹೆಚ್ಚು ಸಲ ಬರೆಯುವುದು ಸಾಮಾನ್ಯ.

ಈ ಅಡ್ಡಿಯನ್ನು ಸುತ್ತಿಹೋದ ದಾರಿಗಳು ಹಲವು. ಸರ್ವರ್‌ಗಳಲ್ಲಿ ಬಳಸುವ ಎನ್‌ವಿಡಿಮ್ ಪಟ್ಟಿಗಳ ಒಂದು ಬಗೆಯಲ್ಲಿ ಪ್ರೊಸೆಸರ್‌ಗೆ ಕಾಣುವುದು ಮಾಮೂಲಿ ರ‍್ಯಾಮೇ. ವಿದ್ಯುತ್ ಹೋದ ಗಳಿಗೆಯಲ್ಲಿ ಬ್ಯಾಟರಿ ಅಥವಾ ದೊಡ್ಡ ಕೆಪಾಸಿಟರ್‌ನ ಬಲದಿಂದ ಅದರಲ್ಲಿದ್ದುದೆಲ್ಲ ಪಕ್ಕದ ಫ್ಲ್ಯಾಶ್‌ಗೆ ನಕಲಾಗುತ್ತದೆ. ಇಂಟೆಲ್ ಮತ್ತು ಮೈಕ್ರಾನ್ 2015ರಲ್ಲಿ ಪ್ರಕಟಿಸಿದ 3ಡಿ ಕ್ರಾಸ್‌ಪಾಯಿಂಟ್ ಫ್ಲ್ಯಾಶ್ ಅಲ್ಲದಿದ್ದರೂ ಇದೇ ಅಂತರವನ್ನು ತುಂಬಲು ಬಂದದ್ದು. ಅದರ ರ‍್ಯಾಮ್ ಪಟ್ಟಿಗಳು 2019ರಲ್ಲಿ ಮಾರುಕಟ್ಟೆಗೆ ಬಂದಾಗ, ಡಿಡಿಆರ್4ರ ತಂತಿಗಳನ್ನೇ ಬಳಸಿಕೊಂಡು, ಉತ್ತರ ತಡವಾಗಬಹುದೆಂಬುದನ್ನು ಒಪ್ಪಿಕೊಳ್ಳುವ ಬೇರೆಯೇ ಒಪ್ಪಂದವನ್ನು ಇಂಟೆಲ್ ಅವುಗಳ ಮೇಲೆ ನಡೆಸಬೇಕಾಯಿತು. 2022ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಅದು ಘೋಷಿಸಿತು. 2019ರಲ್ಲೇ ಮೊದಲ ಆವೃತ್ತಿ ಹೊರಬಂದ ಸಿಎಕ್ಸ್‌ಎಲ್ ಮಾನಕವು ಎನ್‌ವಿಎಂಇ ಎಸ್‌ಎಸ್‌ಡಿಗಳೂ ಬಳಸುವ ಪಿಸಿಐಇ ದಾರಿಯ ಮೇಲೆ ಮೆಮೊರಿಯನ್ನು ಜೋಡಿಸುತ್ತದೆ, ಉತ್ತರಕ್ಕೆ ನಿಗದಿತ ಗಳಿಗೆಯನ್ನು ಅದು ಕಟ್ಟುವುದಿಲ್ಲ. ಮುಂದೆ ಫ್ಲ್ಯಾಶ್ ಮೆಮೊರಿಯ ಹಾಗೆ ಕಾಣಿಸಿಕೊಳ್ಳುವುದಾದರೆ ಈ ದಾರಿಯಿಂದಲೇ ಎಂದು ನಮಗೆ ತೋರುತ್ತದೆ.

ನಿಮ್ಮ ಮನೆಯ ಕಂಪ್ಯೂಟರ್ ಮಟ್ಟಿಗೆ ಹೇಳುವುದಾದರೆ, ನೀವು ಕೇಳಿದ ಏರ್ಪಾಟು ಅದರಲ್ಲಿ ಈಗಾಗಲೇ ಇದೆ. ರ‍್ಯಾಮ್ ಸಾಲದೆ ಬಂದಾಗ ಕಾರ್ಯಾಚರಣಾ ವ್ಯವಸ್ಥೆಯು ಸದ್ಯಕ್ಕೆ ಬೇಡವಾದ ಪುಟಗಳನ್ನು 4 ಕೆಬಿಯಂತೆ ಎಸ್‌ಎಸ್‌ಡಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಹಲವು ಪ್ರೋಗ್ರಾಂಗಳನ್ನು ತೆರೆದಿಟ್ಟಾಗ ಕಂಪ್ಯೂಟರ್ ತಡವರಿಸುವುದು ಆ ಮರಳಿ ತರುವಿಕೆಯಿಂದ. 8 ಜಿಬಿ ಇದ್ದರೆ 16ಕ್ಕೆ ಏರಿಸಿಕೊಳ್ಳಿರಿ. ಇನ್ನಷ್ಟು ವೇಗದ ಎಸ್‌ಎಸ್‌ಡಿ ಹಾಕಿದರೆ ಈ ತಡವರಿಕೆ ಕಡಿಮೆಯಾಗುವುದು ಸ್ವಲ್ಪವೇ.